ದಿಡ್ಡಿ ಬಾಗಿಲ ಬೀಗ

ನಮ್ಮೂರಿನವರು ಒಂದು ಯುದ್ಧ ಸೋತಿದ್ದಾರೆ. ಪರಂಗಿಗಳ ಕೈಲಿ, ಮುತ್ತಜ್ಜನ ಮುತ್ತಜ್ಜನ ಕಾಲದಲ್ಲಿ. ಸೋತವರು ಮರ್ಯಾದೆಯಾಗಿ ಅದನ್ನ ಮರೆತು ತಮ್ಮ ಪಾಡಿಗೆ ತಾವಿರ್ತಾರೆ ತಾನೇ? ನಮ್ಮವರು ಹಾಗಲ್ಲ. ವರ್ಷಕ್ಕೊಂದು ಸಲ ‘ಊರ ದಿನ’ ಅಂತ ಮಾಡಿ, ಸ್ಕೂಲ್ ಮೈದಾನದಲ್ಲಿ ಪ್ಲೈವುಡ್ಡಿನ ಕೋಟೆ ಕಟ್ಟಿ, ಶಾಮಿಯಾನ ಹಾಕಿಸಿ, ಮುಖ್ಯ ಅತಿಥಿನ ಕರೆಸಿ, ಅವರೆದುರಿಗೆ ಇನ್ನೊಂದು ಸಲ ಸೋಲ್ತಾರೆ. ಸೋತಿದ್ದಕ್ಕೆ ಚಪ್ಪಾಳೆ ಬೇರೆ.

ಆ ಯುದ್ಧಕ್ಕೆ ಬಟ್ಟೆ ಹೊಲಿಯೋಳು ನಾನು. ಹಳೇ ಸಿನಿಮಾ ಟಾಕೀಸು ಮುಚ್ಚಿದಾಗ ಅದರ ಕೆಂಪು ಪರದೆ ನಮ್ಮ ಕಮಿಟಿಗೆ ಸಿಕ್ಕಿತು, ಅದರಲ್ಲೇ ಪರಂಗಿ ಪಟಾಲಮ್ಮಿಗೆಲ್ಲ ಕೋಟು ಹೊಲಿದುಕೊಟ್ಟಿದ್ದೀನಿ. ಆಮೇಲಿಂದ ಪ್ರತಿ ವರ್ಷ ಪರಂಗಿಗಳ ಹೊಟ್ಟೆ ಹತ್ರ ಹೊಲಿಗೆ ಬಿಚ್ಚಿ ಅಗಲ ಮಾಡೋದೇ ನನ್ನ ಕೆಲಸ. ದೇಶ ಗೆಲ್ಲೋಕೆ ಬಂದವರು ಇಷ್ಟು ತಿಂದ್ರೆ ಹೇಗೆ ಅಂತ ಕೇಳಿದ್ರೆ ಹಲ್ಲು ಕಿರಿದು ನಿಲ್ತಾರೆ.

ನಮ್ಮದು ಬಸ್ ಸ್ಟ್ಯಾಂಡ್ ಹಿಂದಿನ ರಸ್ತೇಲಿ ಒಂದೇ ಅಂಗಡಿ, ಮಧ್ಯೆ ಸೊಂಟದೆತ್ತರಕ್ಕೆ ಒಂದು ಹಲಗೆ. ಆ ಕಡೆ ನಮ್ಮನೆಯವರು ಬೀಗ ರಿಪೇರಿ ಮಾಡ್ತಾರೆ, ನಕಲು ಕೀಲಿ ಮಾಡ್ಕೊಡ್ತಾರೆ. ಅವರ ಎಡಗಡೆ ನನ್ನ ಹೊಲಿಗೆ ಮಿಷನ್ನು. ಬೆಳಗಿಂದ ಸಂಜೆವರೆಗೆ ನಾನು ಮಾತಾಡ್ತಾನೇ ಇರ್ತೀನಿ, ಅವರು ಕೀಲಿಗೆ ಅರ ಉಜ್ಜುತ್ತಾ ಎಲ್ಲದಕ್ಕೂ ‘ಹೂಂ’ ಅಂತಿರ್ತಾರೆ. ಗ್ಯಾಸ್ ಖಾಲಿಯಾಯ್ತು ಅಂದ್ರೆ ಹೂಂ. ನಿಮ್ಮ ತಂಗಿ ಮಕ್ಕಳನ್ನ ಕಟ್ಕೊಂಡು ಬರ್ತಾಳಂತೆ ಅಂದ್ರೆ ಹೂಂ. ಒಂದಿನ ರೇಗಿಹೋಗಿ, ‘ಹೀಗೇ ಇದ್ರೆ ಎಲ್ಲಾದ್ರೂ ಬಿದ್ದು ಸಾಯ್ತೀನಿ’ ಅಂದೆ. ಅದಕ್ಕೂ ಹೂಂ! ಗಂಡಂದಿರೇ ಹೀಗೆ ಅಂತ ಪಕ್ಕದ ಅಂಗಡಿಯವಳು ಸಮಾಧಾನ ಹೇಳಿದ್ಲು. ಅವಳ ಗಂಡನೂ ಹಾಗೇ ಅಂತೆ, ಅವನಿಗೆ ಹೂಂ ಅನ್ನೋಕೂ ಸೋಮಾರಿತನ.

ಈಗ ಯುದ್ಧದ ಕಥೆ ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದಿನದ್ದು ತಿಳಿಯಲ್ಲ. ಪರಂಗಿಗಳು ತಿಂಗಳುಗಟ್ಟಲೆ ಕೋಟೆ ಸುತ್ತ ಕೂತ್ರಂತೆ, ಒಳಗೆ ಬರೋಕೆ ಆಗಲಿಲ್ಲವಂತೆ. ಕೊನೆಗೊಂದು ರಾತ್ರಿ ಕಾವಲುಗಾರನೊಬ್ಬ ದುಡ್ಡಿನಾಸೆಗೆ ದಿಡ್ಡಿ ಬಾಗಿಲು ತೆಗೆದುಬಿಟ್ಟ. ದಿಡ್ಡಿ ಬಾಗಿಲು ಅಂದ್ರೆ ಹೆಬ್ಬಾಗಿಲ ಮೈಯಲ್ಲೇ ಇರೋ ಸಣ್ಣ ಬಾಗಿಲು, ಒಬ್ಬೊಬ್ಬರೇ ಬಗ್ಗಿಕೊಂಡು ನುಗ್ಗೋ ಅಂಥದ್ದು. ಪರಂಗಿಗಳು ಒಳಗೆ ಬಂದು ಊರಿಗೆ ಬೆಂಕಿ ಇಟ್ರು, ನಮ್ಮ ದಳವಾಯಿ ವೀರಾವೇಶದಿಂದ ಹೋರಾಡಿ, ಉದ್ದದ ಮಾತೊಂದು ಆಡಿ, ಪ್ರಾಣ ಬಿಟ್ಟ. ಅಷ್ಟೇ ಕಥೆ. ನಮ್ಮೂರ ನಿಯಮ ಏನಂದ್ರೆ, ದಿಡ್ಡಿ ಬಾಗಿಲು ತೆಗೆದ ತಕ್ಷಣ ನೋಡೋಕೆ ಬಂದವರೆಲ್ಲ ಆ ದ್ರೋಹಿಗೆ ಟೊಮೇಟೊದಲ್ಲಿ ಹೊಡೀಬೇಕು. ಮೈದಾನದ ಗೇಟ್ ಹತ್ರಾನೇ ಗಾಡಿ ನಿಂತಿರುತ್ತೆ. ಕೊಳೆತದ್ದು, ಕಾಯಿ, ಅರೆಹಣ್ಣು, ಬೇರೆ ದಿನ ಹಸುನೂ ಮೂಸದೇ ಇರೋದೆಲ್ಲ ಅವತ್ತು ಖರ್ಚಾಗುತ್ತೆ.

ಆ ದ್ರೋಹಿ ನಮ್ಮನೆಯವರು.

ಮೊದಲನೇ ವರ್ಷ ಕಮಿಟಿಯವರು ಬಂದು, ‘ಕೋಟೆ ಬಾಗಿಲಿಗೊಂದು ದೊಡ್ಡ ಬೀಗ ಮಾಡ್ಕೊಡಿ’ ಅಂದ್ರು. ನಮ್ಮನೆಯವರು ಕೆಲಸ ಅಂದ್ರೆ ಪ್ರಾಣ ಬಿಡೋರು. ಪ್ಲೈವುಡ್ ಬಾಗಿಲಿಗೆ ಹಿತ್ತಾಳೆ ಬೀಗ, ಮೊಳದುದ್ದ ಕೀಲಿ, ತಿರುಗಿಸಿದ್ರೆ ಮೈದಾನದ ಆ ತುದಿವರೆಗೂ ಕೇಳೋ ಹಾಗೆ ಖಟಕ್ ಅನ್ನಬೇಕು. ಮಾಡಿಟ್ರು. ‘ಮಾಡಿದವರೇ ತೆಗೆದ್ರೆ ಚೆನ್ನ, ಎರಡು ನಿಮಿಷದ ಪಾರ್ಟು’ ಅಂದ್ರು ಕಮಿಟಿಯವರು. ನಮ್ಮನೆಯವರ ನಾಲಿಗೇಲಿ ‘ಆಗಲ್ಲ’ ಅನ್ನೋ ಮಾತು ಹುಟ್ಟೇ ಇಲ್ಲ. ಹೂಂ ಅಂದ್ರು. ನಮಗೆ ಆಗತಾನೇ ಮದುವೆಯಾಗಿತ್ತು, ನಾನೂ ಮುಂದಿನ ಸಾಲಲ್ಲಿ ಕೂತು ನಕ್ಕಿದ್ದೆ. ಈಗ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಅವರ ಪಾರ್ಟು ಬದಲಾಗಿಲ್ಲ.

ಪಾರ್ಟು ಮೈದಾನದಲ್ಲೇ ಉಳಿದಿದ್ರೆ ಪರವಾಗಿರಲಿಲ್ಲ, ಮನೆವರೆಗೂ ಬಂತು. ‘ಏನ್ ದ್ರೋಹಿ, ಊಟ ಆಯ್ತಾ?’ ‘ದ್ರೋಹಿ ಅಂಗಡಿ ಪಕ್ಕದಲ್ಲಿ ತಿರುಗಿ ಸಾರ್, ಅಲ್ಲೇ ಪೋಸ್ಟ್ ಆಫೀಸು.’ ಇನ್ನೊಂದು ತಮಾಷೆ ಕೇಳಿ. ಪರಂಗಿ ಕ್ಯಾಪ್ಟನ್ ಪಾರ್ಟು ಮಾಡೋದು ಕಟಿಂಗ್ ಶಾಪಿನವನು. ಅವನನ್ನ ಊರೆಲ್ಲ ‘ದೊರೆ’ ಅಂತ ಕರೆಯುತ್ತೆ! ‘ಬನ್ನಿ ದೊರೆ, ಕೂತ್ಕೊಳಿ ದೊರೆ.’ ಊರಿಗೆ ಬೆಂಕಿ ಇಟ್ಟವನು ದೊರೆ, ಬಾಗಿಲು ತೆಗೆದವನು ದ್ರೋಹಿ. ನನಗಂತೂ ಮೈಯೆಲ್ಲ ಉರೀತಿತ್ತು. ನಮ್ಮನೆಯವರನ್ನ ಕೇಳಿದ್ರೆ, ‘ಹೋಗ್ಲಿ ಬಿಡೇ, ತಮಾಷೆಗೆ ಅಂತಾರೆ’ ಅಂತಿದ್ರು.

ತಮಾಷೆ ಈ ವರ್ಷ ಮುಗೀತು. ಔಷಧಿ ಅಂಗಡಿಯವರ ಮನೇಲಿ ಕಳ್ಳತನ ಆಯ್ತು. ಪೊಲೀಸಪ್ಪ ಮೊದಲು ಬಂದು ನಿಂತಿದ್ದು ನಮ್ಮ ಅಂಗಡಿ ಮುಂದೆ. ‘ಸುಮ್ನೆ ಕೇಳೋಣ ಅಂತ ಬಂದೆ, ಊರಲ್ಲಿ ಬಾಗಿಲು ತೆಗೆದುಕೊಡೋರು ಅಂದ್ರೆ ನೀವೊಬ್ಬರೇ ಅಲ್ವಾ’ ಅಂತ ಹಲ್ಲು ಬಿಟ್ಟ. ರಸ್ತೇಲಿ ಹೋಗೋರೆಲ್ಲ ನಿಂತು ನೋಡಿದ್ರು. ಆಮೇಲೆ ಗೊತ್ತಾಯ್ತು, ಔಷಧಿ ಅಂಗಡಿಯವರೇ ಹಿತ್ತಲ ಕಿಟಕಿ ಹಾಕೋದು ಮರೆತು ಮದುವೆಗೆ ಹೋಗಿದ್ರಂತೆ. ಯಾರೂ ಬಂದು ತಪ್ಪಾಯ್ತು ಅನ್ನಲಿಲ್ಲ. ಆದ್ರೆ ಒಂದು ಬದಲಾಯ್ತು. ಮೊದಲೆಲ್ಲ ನಕಲು ಮಾಡಿಸೋರು ಮನೆ ಕೀಲಿ ಹಲಗೆ ಮೇಲೆ ಇಟ್ಟು, ‘ಸಂಜೆ ಬರ್ತೀನಿ’ ಅಂತ ಹೋಗಿಬಿಡ್ತಿದ್ರು. ಈಗ ಹೋಗಲ್ಲ. ಅಲ್ಲೇ ನಿಂತಿರ್ತಾರೆ. ಅರ ಉಜ್ಜಿ ಮುಗಿಯೋವರೆಗೂ ನಮ್ಮನೆಯವರ ಕೈನೇ ನೋಡ್ತಿರ್ತಾರೆ, ಎರಡೂ ಕೀಲಿ ಎಣಿಸ್ಕೊಂಡು ಹೋಗ್ತಾರೆ.

ನಮ್ಮನೆಯವರು ಎಂದಿನ ಹಾಗೆ ಕೆಲಸ ಮಾಡ್ತಾನೇ ಇದ್ರು. ಆದ್ರೆ ಯಾರಾದ್ರೂ ಹಾಗೆ ನಿಂತಾಗ ಅವರ ಕೈ ಸ್ವಲ್ಪ ನಡುಗೋದನ್ನ ನಾನು ಹಲಗೆ ಈಚೆಯಿಂದ ನೋಡಿದೆ. ಕೈ ನಡುಗಿದ್ರೆ ಬೀಗದ ಕೆಲಸ ಮುಗೀತು. ಅವತ್ತೇ ತೀರ್ಮಾನ ಮಾಡಿದೆ, ಈ ಸಲ ಅವರು ಬಾಗಿಲು ತೆಗೀಬಾರದು. ಆ ಹೆಸರು ಅವರ ಮೈಮೇಲಿಂದ ಇಳೀಲೇಬೇಕು.

ಮೊದಲು ಹೋಗಿದ್ದು ಇತಿಹಾಸದ ಮೇಷ್ಟ್ರ ಮನೆಗೆ. ರಿಟೈರಾದವರು, ಯುದ್ಧದ ಕಥೆ ಬರೆದದ್ದೂ ಅವರೇ, ಮೈಕಲ್ಲಿ ಹೇಳೋದೂ ಅವರೇ. ಹಾಲಲ್ಲಿ ಕುರ್ಚಿ ಮೇಲೆಲ್ಲ ಪುಸ್ತಕ, ಕೂರೋಕೆ ಜಾಗ ಇಲ್ಲ. ನಿಂತೇ ಕೇಳಿದೆ.

‘ಮೇಷ್ಟ್ರೇ, ಆ ಕಾವಲುಗಾರ ಯಾರು? ಅವನಿಗೊಂದು ಹೆಸರು, ಕುಲ, ಮನೆ ಏನಾದ್ರೂ ಇದೆಯಾ?’

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ತೆಗೆದ್ರು.

‘ನೋಡಮ್ಮ, ಪರಂಗಿಗಳು ಬರೆದಿಟ್ಟಿರೋದ್ರಲ್ಲಿ ಒಂದೇ ಸಾಲಿದೆ. ದಿಡ್ಡಿ ಬಾಗಿಲು ತೆರೆದಿತ್ತು, ಒಳಗೆ ಹೋದೆವು ಅಂತ.’

‘ಯಾರು ತೆಗೆದ್ರು?’

‘ಗೊತ್ತಿಲ್ಲ.’

‘ದುಡ್ಡು ಕೊಟ್ಟಿದ್ದು?’

‘ಅದು ನಾನೇ ಸೇರಿಸಿದ್ದು. ನಾಟಕ ಅಂದ್ಮೇಲೆ ಒಬ್ಬ ಕೆಟ್ಟವನು ಬೇಕಲ್ಲಮ್ಮ. ಯಾರೋ ಹಾಕೋಕೆ ಮರೆತಿರಬಹುದು. ಗಾಳಿಗೂ ತೆಗೆದಿರಬಹುದು.’

‘ಹಾಗಾದ್ರೆ ಹಾಗೇ ಮಾಡಿ! ಗಾಳಿಗೆ ತೆಗೀತು ಅಂತ ತೋರಿಸಿ!’

‘ಗಾಳಿಗೆ ಟೊಮೇಟೊ ಹೊಡೆಯೋಕಾಗುತ್ತಾ?’ ಅಂದ್ರು ಮೇಷ್ಟ್ರು. ಪಾಪ, ತಮಾಷೆಗೆ ಹೇಳಿದ್ದಲ್ಲ, ನಿಜವಾಗಲೂ ಯೋಚನೆ ಮಾಡಿ ಹೇಳಿದ್ದು.

ಇಲ್ಲದ ಮನುಷ್ಯನೊಬ್ಬನ ಪಾಪಕ್ಕೆ ನನ್ನ ಗಂಡನ ಮೈ ತೊಳೆದು ತೊಳೆದು ಸಾಕಾದವಳು ನಾನು. ಟೊಮೇಟೊ ಬೀಜ ಕೂದಲಲ್ಲಿ ಒಣಗಿದ್ರೆ ಹೇಗಿರುತ್ತೆ ಅಂತ ಈ ಮೇಷ್ಟ್ರಿಗೇನು ಗೊತ್ತು? ಅಲ್ಲಿ ನಿಂತಿದ್ರೆ ಏನಾದ್ರೂ ಅಂದುಬಿಡ್ತೀನಿ ಅಂತ ಚಪ್ಪಲಿ ಮೆಟ್ಕೊಂಡು ಬಂದೆ.

ಉಳಿದಿದ್ದು ಅಧ್ಯಕ್ಷರು. ಸಿಮೆಂಟ್ ಅಂಗಡಿ ಯಜಮಾನರು, ಕಮಿಟಿಗೆ ಅಧ್ಯಕ್ಷರು, ಯುದ್ಧದಲ್ಲಿ ದಳವಾಯಿ. ಅವರೇ ಅಳತೆ ಕೊಡೋಕೆ ಅಂಗಡಿಗೆ ಬಂದ್ರು. ಈ ಸಲ ಸಾಯೋ ಮಾತು ಎಲ್ಲರಿಗೂ ಕೇಳಬೇಕು ಅಂತ ಪೇಟೆಯಿಂದ ಕಾಲರ್ ಮೈಕು ಬಾಡಿಗೆಗೆ ತರಿಸಿದ್ರು. ಅದರ ಡಬ್ಬಿ ಇಡೋಕೆ ದಳವಾಯಿ ಅಂಗಿಯ ಒಳಗಡೆ ಜೇಬು ಬೇಕಂತೆ. ನಾನು ಟೇಪ್ ಹಿಡಿದು ಎದೆ ಅಳೆಯೋಕೆ ಹೋದ್ರೆ, ಅವರು ಕನ್ನಡಿ ಮುಂದೆ ಎದೆ ಮೇಲೆ ಕೈ ಇಟ್ಕೊಂಡು ಸಾಯೋಕೆ ಶುರು ಮಾಡಿದ್ರು.

‘ತಾಯ್ನೆಲವೇ! ನಿನ್ನ ಮಡಿಲಲ್ಲಿ ಈ ಮಗ...’

‘ಉಸಿರು ಬಿಡಿ ಸಾರ್, ಅಳತೆ ತಪ್ಪುತ್ತೆ.’

‘ಹೇಗಿದೆ?’

‘ಇಷ್ಟು ಹೊತ್ತು ಸಾಯ್ತಾರಾ ಯಾರಾದ್ರೂ? ನಮ್ಮ ಮಾವನವರು ನೀರು ಕೇಳಿದ್ರು, ತರೋದ್ರೊಳಗೆ ಹೋಗಿದ್ರು.’

ಅವರಿಗೆ ಹಿಡಿಸಲಿಲ್ಲ. ಆದ್ರೂ ಇದೇ ಸಮಯ ಅಂತ ವಿಷಯ ಎತ್ತಿದೆ. ಈ ಸಲ ಬೇರೆ ಯಾರಾದ್ರೂ ಬಾಗಿಲು ತೆಗೀಲಿ ಸಾರ್, ನಮ್ಮನೆಯವರಿಗೆ ಸಾಕಾಗಿದೆ, ಕಳ್ಳತನದ ಗಲಾಟೆಯಾದ ಮೇಲೆ ಜನ ನೋಡೋ ರೀತಿಯೇ ಬೇರೆಯಾಗಿದೆ ಅಂದೆ. ಕೈ ಮುಗಿದೇ ಕೇಳಿದೆ, ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ ಅದು.

‘ಅಯ್ಯೋ, ಅವರ ಹಾಗೆ ಯಾರು ತೆಗೀತಾರಮ್ಮ! ಆ ಮುಖ ನೋಡಿದ್ರೇನೇ ಜನಕ್ಕೆ ಹೊಡೆಯೋಣ ಅನ್ಸುತ್ತೆ. ಕಲೆ ಅದು, ಕಲೆ.’ ಆಮೇಲೆ ನಕ್ಕು, ‘ಯಾರಾದ್ರೂ ಒಬ್ಬರು ತೆಗೀಲೇಬೇಕು. ತೆಗೀದಿದ್ರೆ ನಾನು ಸಾಯೋದು ಹೇಗೆ ಹೇಳು?’ ಅಂದ್ರು.

ಹಲಗೆ ಆಚೆ ನಮ್ಮನೆಯವರು ತಲೆ ಎತ್ತಲಿಲ್ಲ. ಅರ ಉಜ್ಜುತ್ತಲೇ ಇದ್ರು.

ಬಾಯಿಮಾತಲ್ಲಿ ಆಗದ್ದನ್ನ ಕೈಯಲ್ಲಿ ಮಾಡಬೇಕು ಅಂತ ಗಟ್ಟಿ ಮಾಡಿದೆ. ಊರ ದಿನದ ಬೆಳಗ್ಗೆ, ಅವರು ಸ್ನಾನಕ್ಕೆ ಹೋದಾಗ, ಗೋಡೆ ಮೊಳೆಗೆ ನೇತುಹಾಕಿದ್ದ ಆ ಮೊಳದುದ್ದದ ಕೀಲಿ ತೆಗೆದು ನನ್ನ ಸೂಜಿ ಡಬ್ಬಿಗೆ ಹಾಕಿದೆ. ಅದು ಮುಚ್ಚಲೇ ಇಲ್ಲ, ಓರೆಯಾಗಿ ತುರುಕಿ ಮೇಲೊಂದು ಚಿಂದಿ ಸುತ್ತಿದೆ. ಅವರು ಬಂದು ಮೊಳೆ ನೋಡಿದ್ರು. ನನ್ನನ್ನ ನೋಡಿದ್ರು. ನಾನು ಗುಂಡಿ ಹೊಲೀತಾ ಇದ್ದೆ, ಹೊಲಿಯೋಕೆ ಗುಂಡಿ ಇರಲಿಲ್ಲ ಅಷ್ಟೇ. ಡಬ್ಬಿ ಎತ್ತಿ ನನ್ನ ಚೀಲಕ್ಕೆ ಹಾಕ್ಕೊಂಡೆ.

‘ಕೀಲಿ ಮೈದಾನದಲ್ಲೇ ಇರಬೇಕು’ ಅಂತ ಅವರಷ್ಟಕ್ಕೆ ಅವರೇ ಅಂದ್ಕೊಂಡು ಹೊರಟ್ರು. ಗೆದ್ದೆ ಅಂತ ನಾನು ಒಳಗೊಳಗೇ ಹಿಗ್ಗಿದೆ.

ಮಧ್ಯಾಹ್ನ ಯುದ್ಧ ಶುರುವಾಯ್ತು. ಬಿಸಿಲು ಧಗಧಗ. ಮೇಷ್ಟ್ರು ಮೈಕಲ್ಲಿ, ‘ಕಗ್ಗತ್ತಲ ರಾತ್ರಿ! ಕೈಗೆ ಕೈ ಕಾಣುತ್ತಿಲ್ಲ!’ ಅಂತ ಗಂಟಲು ಹರ್ಕೊಳ್ತಿದ್ರು. ಚರಂಡಿ ಪೈಪಿಗೆ ಕಪ್ಪು ಬಣ್ಣ ಬಳಿದ ಫಿರಂಗಿಯೊಳಗೆ ಪಟಾಕಿ ಇಟ್ರು, ಅದು ಢಂ ಅನ್ನೋ ಬದಲು ಸುರ್ ಅಂತು. ಆದ್ರೂ ನಮ್ಮ ಕಡೆಯವರು ಸಾಲಾಗಿ ಬಿದ್ರು. ಸಾಯೋರೆಲ್ಲ ನೆರಳು ನೋಡ್ಕೊಂಡು ಸಾಯ್ತಾರೆ, ಶಾಮಿಯಾನದ ಕೆಳಗೆ ಹೆಣ ಇಡೋಕೆ ಜಾಗ ಇರಲಿಲ್ಲ. ಒಬ್ಬ ಸತ್ತವನು ಇನ್ನೊಬ್ಬ ಸತ್ತವನಿಗೆ ‘ಸ್ವಲ್ಪ ಸರ್ಕೋ’ ಅಂತಿದ್ದ. ನಾನು ಕೋಟೆ ಪಕ್ಕದಲ್ಲೇ ಸೂಜಿ, ದಾರ, ಪಿನ್ನು ಹಿಡ್ಕೊಂಡು ನಿಂತಿದ್ದೆ, ಯಾರ ಪ್ಯಾಂಟು ಯಾವಾಗ ಹರಿಯುತ್ತೋ ಹೇಳೋಕಾಗಲ್ಲ. ಚೀಲದಲ್ಲಿ ಆ ಡಬ್ಬಿನೂ ಇತ್ತು.

ಬಾಗಿಲ ಆಚೆ ಕಡೆ ದೊರೆ ಅವನ ಪಟಾಲಂ ಕಟ್ಕೊಂಡು ಕಾಯ್ತಿದ್ದ. ಮುಖಕ್ಕೆ ಬಳ್ಕೊಂಡಿದ್ದ ಬಿಳಿ ಪೌಡರು ಬೆವರಿಗೆ ಗೆರೆ ಗೆರೆಯಾಗಿ ಇಳೀತಿತ್ತು. ಕೋಟೆ ಗೋಡೆ ಮೇಲೆ ಅಧ್ಯಕ್ಷರು ಕತ್ತಿ ಹಿಡಿದು ನಿಂತಿದ್ರು. ಮುಂದಿನ ಸಾಲಲ್ಲಿ ಮುಖ್ಯ ಅತಿಥಿ, ಯಾವುದೋ ದೊಡ್ಡ ಅಧಿಕಾರಿ, ಗಡಿಯಾರ ನೋಡ್ಕೊಳ್ತಾ ಕೂತಿದ್ರು.

‘ಅಗೋ! ಬರುತ್ತಿದ್ದಾನೆ! ನಾಡಿಗೆ ಮಸಿ ಬಳಿದ ದ್ರೋಹಿ!’ ಅಂದ್ರು ಮೇಷ್ಟ್ರು.

ನಮ್ಮನೆಯವರು ಬಂದ್ರು. ಜನ ಎದ್ದು ನಿಂತ್ರು, ಕೈಗಳು ಮೇಲೆ ಹೋದ್ವು. ಬಾಗಿಲ ಮುಂದೆ ನಿಂತು ಸೊಂಟ ಮುಟ್ಟಿ ನೋಡಿಕೊಂಡ್ರು. ಕೀಲಿ ಇಲ್ಲ. ಜೇಬು ತಡಕಿದ್ರು. ಇಲ್ಲ. ಆಮೇಲೆ ನಿಧಾನವಾಗಿ ಕಿವಿ ಹಿಂದೆ ಸಿಕ್ಕಿಸಿದ್ದ ತಂತಿ ತೆಗೆದ್ರು.

ಆಗ ನನಗೆ ಹೊಳೀತು ನನ್ನ ದಡ್ಡತನ. ಊರಲ್ಲಿ ಯಾರ ಮನೆ ಬೀಗ ಕೈಕೊಟ್ರೂ ಒಂದು ತಂತಿ ಹಿಡ್ಕೊಂಡು ಹೋಗಿ ಕಣ್ಣು ಮಿಟುಕಿಸೋದ್ರಲ್ಲಿ ತೆಗೆದು ಬರೋ ಮನುಷ್ಯ! ಅವರಿಂದ ಕೀಲಿ ಬಚ್ಚಿಟ್ಟು ಗೆದ್ದೆ ಅಂದ್ಕೊಂಡೆನಲ್ಲ! ಹಣೆ ಚಚ್ಕೊಂಡೆ. ಅವರು ತಂತಿನ ಬೀಗಕ್ಕೆ ತೂರಿಸಿದ್ರು. ಮಣಿಕಟ್ಟು ಸ್ವಲ್ಪ ತಿರುಗಿತು. ಇನ್ನೊಂದಿಷ್ಟು ತಿರುಗಿಸಿದ್ರೆ ಖಟಕ್.

ತಿರುಗಿಸಲಿಲ್ಲ. ತಂತಿ ಎಳೆದು ಮತ್ತೆ ಕಿವಿ ಹಿಂದೆ ಸಿಕ್ಕಿಸಿಕೊಂಡ್ರು. ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತುಬಿಟ್ರು.

‘ತೆಗಿಯೋ!’ ಅಂದ್ರು ಮೇಷ್ಟ್ರು. ಮೈಕಿದೆ ಅನ್ನೋದು ಮರೆತುಹೋಗಿತ್ತು.

‘ತೆಗೆಯಲ್ಲ ಮೇಷ್ಟ್ರೇ. ನಾನು ಕಾವಲುಗಾರ. ಕಾವಲು ಕಾಯ್ತೀನಿ.’

ನನ್ನ ಗಂಡನ ಬಾಯಲ್ಲಿ ‘ಇಲ್ಲ’ ಅನ್ನೋ ಮಾತು ಬಂದಿದ್ದು ಅದೇ ಮೊದಲು. ನನಗೆ ಕುಣಿಯೋಣ ಅನ್ನಿಸ್ತು. ಜನ ಎತ್ತಿದ ಕೈಲಿ ಟೊಮೇಟೊ ಹಾಗೇ ಇದೆ, ಹೊಡೆಯೋಕೆ ಕಾರಣ ಇಲ್ಲ.

ಬಾಗಿಲ ಆಚೆಯಿಂದ ಟಕಟಕ ಬಡಿದ ಸದ್ದು. ದೊರೆ ದನಿ. ‘ಅಣ್ಣಾ, ತೆಗಿಯಣ್ಣ. ಪೌಡರೆಲ್ಲ ಕಣ್ಣಿಗೆ ಇಳೀತಿದೆ.’

‘ಇವತ್ತು ಆಗಲ್ಲಪ್ಪ. ನೆರಳಲ್ಲಿ ಹೋಗಿ ಕೂತ್ಕೋ.’

‘ಇತಿಹಾಸದಲ್ಲಿ ಹೀಗಾಗಿಲ್ಲ!’ ಅಂತ ಮೇಷ್ಟ್ರು ಕಿರುಚಿದ್ರು.

ನನಗೆ ತಡೆಯೋಕಾಗಲಿಲ್ಲ. ‘ಹೇಗಾಗಿದೆ ಅಂತ ನನಗೆ ಮನೇಲಿ ಹೇಳಿದ್ರಲ್ಲ ಮೇಷ್ಟ್ರೇ, ಅದನ್ನೇ ಮೈಕಲ್ಲೂ ಹೇಳಿ!’ ಅಂದೆ. ನನ್ನ ದನಿಗೆ ಮೈಕು ಬೇಕಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸೋಕೆ ಶುರು ಮಾಡಿದ್ರು.

ಅಷ್ಟರಲ್ಲಿ ಮುಖ್ಯ ಅತಿಥಿ ಎದ್ದು ನಿಂತ್ರು. ಪರಂಗಿಗಳು ಬರಲಿಲ್ಲ, ಕೋಟೆ ಉಳೀತು, ಮುಗೀತು ಅಂದ್ಕೊಂಡ್ರೋ ಏನೋ, ಎರಡು ಸಲ ಚಪ್ಪಾಳೆ ತಟ್ಟಿ ಕಾರಿನ ಕಡೆ ತಿರುಗಿದ್ರು. ಕೋಟೆ ಗೋಡೆ ಮೇಲಿಂದ ಕಾಲರ್ ಮೈಕಲ್ಲಿ, ನಾನೇ ಹೊಲಿದ ಜೇಬಿನ ಕೃಪೆಯಿಂದ, ಇಡೀ ಮೈದಾನಕ್ಕೆ ಕೇಳಿಸ್ತು: ‘ಅಯ್ಯೋ, ಹೊರಟ್ರು! ಹೊರಟೇಬಿಟ್ರಲ್ಲೋ! ನಾನಿನ್ನೂ ಸತ್ತೇ ಇಲ್ಲ!’

ಅಧ್ಯಕ್ಷರು ಏಣಿ ಇಳಿದು ಬಂದ ವೇಗ ನೋಡಬೇಕಿತ್ತು. ‘ಏಳಯ್ಯ ಮೇಲೆ!’ ಅಂದ್ರು. ನಮ್ಮನೆಯವರು ಮರ್ಯಾದಸ್ಥರು, ಎದ್ದು ಪಕ್ಕಕ್ಕೆ ಸರಿದ್ರು. ಅಧ್ಯಕ್ಷರು ಭುಜ ಕೊಟ್ಟು ಬಾಗಿಲು ಗುದ್ದಿದ್ರು. ಬೀಗ ಜಗ್ಗಲಿಲ್ಲ. ನಮ್ಮನೆಯವರು ಮಾಡಿದ ಬೀಗ, ಜಗ್ಗಲ್ಲ. ಪ್ಲೈವುಡ್ಡೇ ಚೌಕಟ್ಟು ಸಮೇತ ಕಿತ್ಕೊಂಡು ಆಚೆ ಬಿತ್ತು, ಬೀಗ ಅದಕ್ಕೇ ಅಂಟಿಕೊಂಡಿತ್ತು.

‘ಬನ್ರೋ!’ ಅಂತ ಕೂಗಿದ್ರು ಅಧ್ಯಕ್ಷರು. ‘ಬೇಗ ಒಳಗೆ ಬನ್ನಿ! ಬಂದು ನನ್ನನ್ನ ಕೊಲ್ರೋ!’

ಪರಂಗಿಗಳೇ ಹಿಂದೆ ಸರಿದ್ರು. ಜನ ಅಧ್ಯಕ್ಷರನ್ನ ನೋಡಿದ್ರು, ಬಿದ್ದ ಬಾಗಿಲು ನೋಡಿದ್ರು, ತಮ್ಮ ಕೈಲಿದ್ದ ಟೊಮೇಟೊ ನೋಡಿದ್ರು. ನಮ್ಮೂರಿನವರಿಗೆ ಬೇರೆ ಏನೂ ಗೊತ್ತಿಲ್ಲದಿದ್ರೂ ನಿಯಮ ಗೊತ್ತು. ಬಾಗಿಲು ತೆಗೆದವನಿಗೆ ಹೊಡೀಬೇಕು. ಮುಂದಿನ ಸಾಲಲ್ಲಿ ಮೊಮ್ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ದ ಅಜ್ಜಿಯೊಬ್ಬಳು ಮೊದಲನೆಯದು ಎಸೆದ್ಲು. ‘ತಾಯ್ನೆಲವೇ’ ಅಂತ ಬಾಯಿ ತೆಗೆದಿದ್ರಲ್ಲ ಅಧ್ಯಕ್ಷರು, ಸರಿಯಾಗಿ ಅಲ್ಲೇ ಬಿತ್ತು.

ಆಮೇಲೆ ಮಳೆ. ‘ದ್ರೋಹಿ! ದ್ರೋಹಿ!’ ಅಂತ ಕೂಗೋದೇನು, ಹೊಡೆಯೋದೇನು! ಶಾಮಿಯಾನದ ಕೆಳಗಿದ್ದ ಹೆಣಗಳೂ ಎದ್ದು ಬಂದು ಹೊಡೆದ್ವು. ಸಿಮೆಂಟ್ ಸಾಲ ತಗೊಂಡಿದ್ದವರಂತೂ ಎರಡೂ ಕೈಲಿ. ನಾನು ನಕ್ಕೆ, ಹೊಟ್ಟೆ ಹಿಡ್ಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರೋವರೆಗೂ ನಕ್ಕೆ. ಇಷ್ಟು ವರ್ಷದ್ದೆಲ್ಲ ಬಡ್ಡಿ ಸಮೇತ ಬಂತು ಅಂತ.

ಅಧ್ಯಕ್ಷರಿಗೆ ಏನು ಮಾಡಬೇಕು ಅಂತಲೇ ತಿಳಿದಿರಲಿಲ್ಲ. ಕೈ ಅಡ್ಡ ಹಿಡಿಯೋಕೂ ತೋಚದೆ, ಬಾಯಿ ತೆಕ್ಕೊಂಡು, ಜನದ ಕಡೆಗೇ ಮುಖ ಮಾಡಿ ನಿಂತಿದ್ರು. ಆಗ ನಮ್ಮನೆಯವರು ಅವರ ಹತ್ರ ಹೋದ್ರು. ಎರಡು ಬಾರಿಸ್ತಾರೇನೋ ಅಂದ್ಕೊಂಡೆ. ಇಲ್ಲ. ಅವರ ಭುಜ ಹಿಡಿದು ತಿರುಗಿಸಿದ್ರು. ಮೆಲ್ಲಗೇ ಮಾತಾಡಿದ್ದು, ಆದ್ರೆ ಆ ಕಾಲರ್ ಮೈಕು ಇತ್ತಲ್ಲ.

‘ಬೆನ್ನು ಕೊಡಿ ಸಾರ್, ಮುಖ ಕೊಡಬೇಡಿ. ಕಣ್ಣು ಮುಚ್ಚಿ. ಹುಳಿ ಹೋದ್ರೆ ಒಂದು ವಾರ ಉರಿಯುತ್ತೆ. ಬಾಯಿ ಮುಚ್ಚಿ. ಎರಡೂ ಕಿವಿ ಮೇಲೆ ಕೈ ಇಡಿ ಸಾರ್, ಗಟ್ಟಿಯಾಗಿ. ಹಣ್ಣಾದ್ರೆ ಏನೂ ಆಗಲ್ಲ, ಕಾಯಿ ಬಿದ್ರೆ ಕಿವಿ ಹೋಗಿಬಿಡುತ್ತೆ.’

‘ಹೋಗುತ್ತಾ?’ ಅಂದ್ರು ಅಧ್ಯಕ್ಷರು, ಅಳೋ ದನೀಲಿ.

‘ನನ್ನದು ಎಡಗಡೇದು ಹೋಗಿದೆ ಸಾರ್. ತುಂಬ ವರ್ಷ ಆಯ್ತು.’

ನಾಲ್ಕೂ ಕಂಬದ ಸ್ಪೀಕರಲ್ಲಿ ಅದು ಕೇಳಿಸ್ತು. ಎಸೆಯೋಕೆ ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದ್ವು. ಯಾರೋ ಟೊಮೇಟೊನ ಮೆಲ್ಲಗೆ ಕುರ್ಚಿ ಕೆಳಗೆ ಇಟ್ರು.

ನನ್ನ ನಗು ನಿಂತುಹೋಯ್ತು. ಎಡಗಿವಿ. ಹಲಗೆ ಈಚೆ ಕೂತು ನಾನು ಜನ್ಮವೆಲ್ಲ ಒದರಿದ್ದು ಆ ಕಿವಿಗೆ. ಗ್ಯಾಸು, ಬಾಡಿಗೆ, ಅವರ ತಂಗಿ, ನನ್ನ ಸೊಂಟನೋವು, ನನ್ನ ಅಮ್ಮ ಹೋದಾಗಿನ ಸಂಕಟ, ಎಲ್ಲ. ನನಗೆ ಅಳು ಬಂತು. ಅಷ್ಟು ಜನರ ಮುಂದೆ, ಸೂಜಿ ದಾರ ಹಿಡ್ಕೊಂಡೇ ಅತ್ತುಬಿಟ್ಟೆ.

ದೊರೆ ಬಿದ್ದ ಬಾಗಿಲನ್ನ ದಾಟಿ ಒಳಗೆ ಬಂದ. ಟೋಪಿ ತೆಗೆದ. ಕೆಂಪು ಕೋಟಿನ ಗುಂಡಿ ಬಿಚ್ಚಿ ಒಳಗಿನ ಅಂಗಿ ಜೇಬಿಂದ ಕೀಲಿಯೊಂದು ತೆಗೆದು ನಮ್ಮನೆಯವರ ಕೈಲಿಟ್ಟ. ಅವನ ಶಾಪಿನ ಕೀಲಿ.

‘ಇದಕ್ಕೊಂದು ಜೋಡಿ ಮಾಡಿಡಣ್ಣ. ನಾಳೆ ಯಾವಾಗಲಾದ್ರೂ ಬಂದು ತಗೋತೀನಿ.’

ಅಷ್ಟು ಹೇಳಿ, ತಿರುಗಿ ನೋಡದೆ, ಮುಖದ ಪೌಡರು ಒರೆಸ್ಕೊಳ್ತಾ ನಲ್ಲಿ ಕಡೆ ಹೋದ. ನಮ್ಮನೆಯವರು ಆ ಕೀಲಿಯ ಹಲ್ಲನ್ನ ಬೆರಳಲ್ಲಿ ಸವರಿ ನೋಡಿ ಜೇಬಿಗೆ ಹಾಕ್ಕೊಂಡ್ರು. ಕೈ ನಡುಗಲಿಲ್ಲ, ನಾನು ನೋಡಿದೆ.

ನಾನು ಹೋಗಿ ಎಂದಿನಂತೆ ಅವರ ಎಡಗಡೆ ನಿಂತೆ. ಬಾಯಿ ತೆಗೆದೆ. ಮುಚ್ಚಿದೆ. ಅವರ ಹಿಂದಿನಿಂದ ಸುತ್ತಿ ಬಂದು ಬಲಗಡೆ ನಿಂತು, ‘ನಡೀರಿ ಮನೆಗೆ’ ಅಂದೆ.

ದಾರಿ ಉದ್ದಕ್ಕೂ ಬಲಗಡೆಯೇ ನಡೆದೆ. ‘ನನಗ್ಯಾಕೆ ಹೇಳಲಿಲ್ಲ?’ ಅಂತ ಕೇಳಿದೆ.

‘ಹೇಳಿದ್ರೆ ನೀನು ಊರಿಗೇ ಬೆಂಕಿ ಇಡ್ತಿದ್ದೆ. ಪರಂಗಿಗಳಿಗೆ ಕೆಲಸ ಉಳೀತಿರಲಿಲ್ಲ.’

‘ಕೇಳಿಸದೇ ಇದ್ದ ಮೇಲೆ ಎಲ್ಲದಕ್ಕೂ ಹೂಂ ಹೂಂ ಅಂತಿದ್ರಲ್ಲ?’

‘ನೀನು ಹೇಳಿದ್ದಕ್ಕೆ ಹೂಂ ಅನ್ನದೆ ಇನ್ನೇನನ್ಲಿ?’ ಅಂದ್ರು. ಆಮೇಲೆ ನನ್ನ ಚೀಲ ತಾವೇ ತಗೊಂಡು ಹೆಗಲಿಗೆ ಹಾಕ್ಕೊಂಡ್ರು. ‘ಈ ಸೂಜಿ ಡಬ್ಬಿ ಯಾವಾಗಲೂ ಇಷ್ಟು ಭಾರ ಇರಲ್ಲ ಅಲ್ವೇನೇ? ಬೆಳಗ್ಗೆ ನೀನು ಎತ್ತಿದಾಗಲೇ ಗೊತ್ತಾಯ್ತು.’

ನನಗೆ ನಾಚಿಕೆಯಾಯ್ತು, ಸಿಟ್ಟೂ ಬಂತು. ಅವರ ಬಲಗೈ ಹಿಡ್ಕೊಂಡು, ಮದುವೆಯಾದ ವರ್ಷದಿಂದ ಹೇಳಿದ್ದನ್ನೆಲ್ಲ ಮತ್ತೆ ಮೊದಲಿಂದ ಹೇಳೋಕೆ ಶುರು ಮಾಡಿದೆ.